ಎಡೆದೊರೆಯ ಕುಂಟೆ: ನೆಲವನ್ನು ಸಡಿಲಿಸುವ ಸಾಧನದ ಚರಿತ್ರೆ

ನಮ್ಮ ದೇಶದ ಒಕ್ಕಲುತನದ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ನೇಗಿಲಿನಿಂದ ಪ್ರಾರಂಭಿಸುತ್ತಾರೆ. ಮೊದಲು ಮರದ ನೇಗಿಲು, ಆಮೇಲೆ ಕಬ್ಬಿಣದ ನೇಗಿಲು, ಕೊನೆಗೆ ಟ್ರ್ಯಾಕ್ಟರು ಎಂದು ಮೂರು ಮೆಟ್ಟಿಲುಗಳನ್ನು ಕಟ್ಟಿ, ಯಾವ ಪ್ರಾಂತವು ಯಾವ ಮೆಟ್ಟಿಲನ್ನು ಎಂದು ಏರಿತೆಂಬುದನ್ನು ಅಳೆದು ಅದರ ಮುನ್ನಡೆಯನ್ನೋ ಹಿಂದುಳಿವಿಕೆಯನ್ನೋ ನಿರ್ಣಯಿಸುತ್ತಾರೆ. ನೀರು ನಿಲ್ಲಿಸಿ ಕೆಸರುಮಾಡುವ ಗದ್ದೆಯ ನಾಡಿಗೆ ಈ ಕ್ರಮವು ಬಹುಮಟ್ಟಿಗೆ ಒಪ್ಪಬಹುದು. ಆದರೆ ಕೃಷ್ಣಾ ತುಂಗಭದ್ರೆಗಳ ನಡುವಣ, ಶಾಸನಗಳು ಎಡೆದೊರೆ ಎರಡುಸಾಸಿರವೆಂದು ಹೆಸರಿಸಿದ ನಾಡಿಗೆ, ಎಂದರೆ ಇಂದಿನ ರಾಯಚೂರು, ದೇವದುರ್ಗ, ಮಾನ್ವಿಗಳ ಸೀಮೆಗೆ, ಇದೇ ಅಳತೆಗೋಲನ್ನು ಹಿಡಿದರೆ ಲೆಕ್ಕ ತಪ್ಪುತ್ತದೆಂಬುದು ನಮ್ಮ ಅಭಿಪ್ರಾಯ. ಇಲ್ಲಿನ ಹಳೆಯ ರೈತನು ತನ್ನ ಹೊಲದ ವಿಸ್ತಾರವನ್ನು ನೇಗಿಲಿನ ಲೆಕ್ಕದಲ್ಲಿ ಹೇಳುವುದಿಲ್ಲ. ಇಷ್ಟು ಕೂರಿಗೆಯ ಹೊಲವೆಂದು ಹೇಳುತ್ತಾನೆ. ಬಿತ್ತುವ ಸಾಧನವೇ ನೆಲದ ಅಳತೆಯಾದ ನಾಡಿನಲ್ಲಿ ಉಳುವ ಸಾಧನಕ್ಕೆ ಎಷ್ಟು ಸ್ಥಾನವಿತ್ತೆಂಬುದನ್ನು ವಿಚಾರಿಸದೆ ಮುಂದೆ ಹೋಗುವುದು ಸರಿಯಲ್ಲ.

ಮೊದಲು ಮಣ್ಣಿನ ವಿಷಯ. ಈ ಸೀಮೆಯಲ್ಲಿ ಎರಡು ಬಗೆಯ ಭೂಮಿ ಒಂದರ ಪಕ್ಕದಲ್ಲೊಂದು ಬರುತ್ತದೆ. ಕಲ್ಲುಗುಡ್ಡಗಳ ಬುಡದಲ್ಲಿಯೂ ದಿನ್ನೆಗಳ ಮೇಲೂ ಇರುವುದು ಕೆಂಪು ಮಸಾರಿ. ತಗ್ಗಿನಲ್ಲಿಯೂ ಬಯಲಿನಲ್ಲಿಯೂ ಹರಡಿರುವುದು ಕಪ್ಪು ಎರೆ. ಎರೆಯ ಗುಣ ವಿಚಿತ್ರವಾದುದು. ಅದರ ಜೇಡಿ ನೀರನ್ನು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಮೊಳಕಾಲುದ್ದ, ಕೆಲವೆಡೆ ಅದಕ್ಕೂ ಆಳವಾಗಿ ಬಾಯಿಬಿಡುವ ಬಿರುಕುಗಳೊಳಗೆ ಮೇಲಿನ ಪುಡಿಮಣ್ಣು ಉದುರಿ, ಮಳೆ ಬಿದ್ದ ಮೇಲೆ ಬಿರುಕು ಮುಚ್ಚಿಕೊಂಡು, ಮೇಲಣ ಮಣ್ಣು ಕೆಳಗೂ ಕೆಳಗಣ ಮಣ್ಣು ಮೇಲಕ್ಕೂ ಬರುವುದು ವರ್ಷವರ್ಷವೂ ನಡೆಯುವ ವ್ಯಾಪಾರ. ಎರೆಯು ತನ್ನನ್ನು ತಾನೇ ಉತ್ತುಕೊಳ್ಳುತ್ತದೆಂಬ ಮಾತು ಆದುದರಿಂದಲೇ ಹುಟ್ಟಿತು. ಇಂಥ ನೆಲದಲ್ಲಿ ಮಣ್ಣನ್ನು ಮಗುಚುವುದು ರೈತನ ಮುಖ್ಯ ಚಿಂತೆಯಲ್ಲ. ಮಳೆಯ ನೀರು ಒಳಗಿಳಿಯುವಂತೆ ಮೇಲ್ಪದರವನ್ನು ಸಡಿಲವಾಗಿಡುವುದು, ಕಳೆಯನ್ನು ಬೇರಿನ ಕೆಳಗೆ ಕತ್ತರಿಸುವುದು, ಬಿರುಕು ಮುಚ್ಚಿ ಒಳಗಿನ ತೇವ ಆರದಂತೆ ನೋಡಿಕೊಳ್ಳುವುದು, ಈ ಮೂರೇ ಅವನ ಚಿಂತೆ. ವರ್ಷದ ಮಳೆ ಆರುನೂರು ಮಿಲಿಮೀಟರಿನ ಆಸುಪಾಸಿನಲ್ಲಿದ್ದು ಅದೂ ನಂಬಿಕೆಗೆ ಅರ್ಹವಲ್ಲದ ಈ ಪ್ರಾಂತದಲ್ಲಿ ಹಿಂಗಾರಿ ಜೋಳವು ಬದುಕುವುದು ಮುಂಗಾರಿನಲ್ಲಿ ನೆಲ ಕುಡಿದಿಟ್ಟುಕೊಂಡ ನೀರಿನಿಂದ.

ಈ ಕೆಲಸಕ್ಕಾಗಿಯೇ ಇರುವುದು ಕುಂಟೆ. ತೆಲುಗರು ಇದನ್ನು ಗುಂಟಕವೆನ್ನುತ್ತಾರೆ. ಮರಾಠಿಗರ ಕುಳವ, ವಖರಗಳೂ ಇದೇ ಜಾತಿಯವು. ಅದರ ರಚನೆಯನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ಏಕೆಂದರೆ ಪುಸ್ತಕಗಳಲ್ಲಿ ಅದಕ್ಕೆ ದೊರೆತಿರುವುದು ಒಂದೆರಡು ಸಾಲು ಮಾತ್ರ. ಜಾಲಿಯಂಥ ಗಟ್ಟಿಮರದ ಒಂದು ಅಡ್ಡ ದಿಂಡು. ಅದರ ಕೆಳಭಾಗಕ್ಕೆ ಜಡಿದ ಎರಡು ತಾಳುಗಳು, ಎಂದರೆ ಮರದ ಕಾಲುಗಳು. ಅವೆರಡರ ತುದಿಗಳನ್ನು ಜೋಡಿಸಿ ನೆಲಕ್ಕೆ ಅಡ್ಡಲಾಗಿ ನಿಲ್ಲುವ ಕಬ್ಬಿಣದ ಕುಡ. ದಿಂಡಿನಿಂದ ಮುಂದಕ್ಕೆ ಈಸುಗಳು ಹೊರಟು ನೊಗವನ್ನು ಸೇರುತ್ತವೆ, ಹಿಂದೆ ಹಿಡಿಯಲು ಮೇಳಿ. ಎತ್ತುಗಳು ಎಳೆದಾಗ ಕುಡವು ಮಣ್ಣಿನ ಮೇಲ್ಪದರದ ಕೆಳಗೆ ನಾಲ್ಕಾರು ಬೆರಳಿನ ಆಳದಲ್ಲಿ ಕತ್ತಿಯಂತೆ ಹಾಯ್ದು ಕಳೆಯ ಬೇರುಗಳನ್ನು ಕೊಯ್ಯುತ್ತದೆ. ಮಣ್ಣು ಕುಡದ ಮೇಲಿಂದ ಹತ್ತಿ ಇಳಿದು, ಬಿರಿದು, ಇದ್ದಲ್ಲಿಯೇ ಬೀಳುತ್ತದೆ. ಮಗುಚುವುದಿಲ್ಲ. ಸತ್ತ ಕಳೆಯೂ ಹಳೆಯ ಕೂಳೆಯೂ ಮೇಲೆಯೇ ಉಳಿದು ನೆಲಕ್ಕೆ ಮುಸುಕಾಗುತ್ತವೆ.

ಇನ್ನು ಆಳವನ್ನು ಹೆಚ್ಚುಕಡಿಮೆ ಮಾಡುವ ಕ್ರಮ. ಇದಕ್ಕೆ ಇಲ್ಲಿನ ರೈತನು ತಿರುಪಿನ ಸಲಕರಣೆಯನ್ನು ಹುಡುಕಲಿಲ್ಲ. ನೊಗವನ್ನು ಈಸಿಗೆ ಕಟ್ಟುವ ಮಿಣಿಯ ಸ್ಥಾನವನ್ನು ಮುಂದಕ್ಕೆ ಸರಿಸಿದರೆ ಈಸು ತಗ್ಗಿ ಕುಡದ ಬಾಯಿ ಕೆಳಮುಖವಾಗಿ ಆಳಕ್ಕೆ ಹೋಗುತ್ತದೆ. ಹಿಂದಕ್ಕೆ ಸರಿಸಿದರೆ ಈಸು ಎದ್ದು ಕುಡವು ಮೇಲೇಳುತ್ತದೆ. ನೇಗಿಲಿನಲ್ಲಿಯೂ ಇದೇ ತತ್ತ್ವ. ಕುಂಟೆಯಲ್ಲಿ ಇದರ ಮೇಲೊಂದು ಉಪಾಯವುಂಟು: ನೆಲ ಗಟ್ಟಿಯಾಗಿ ಕಂಡಲ್ಲಿ ಹೊಡೆಯುವವನು ದಿಂಡಿನ ಮೇಲೆ ತಾನೇ ಏರಿ ನಿಲ್ಲುತ್ತಾನೆ, ಇಲ್ಲವೆ ಕಲ್ಲೊಂದನ್ನು ಹೇರುತ್ತಾನೆ, ಸಡಿಲವಾದಲ್ಲಿ ಇಳಿಯುತ್ತಾನೆ. ಒಂದೇ ಹೊಲದ ಒಂದೇ ಸಾಲಿನಲ್ಲಿ ಹೆಜ್ಜೆಹೆಜ್ಜೆಗೂ ಬದಲಾಯಿಸಬಹುದಾದ ಹೊಂದಾಣಿಕೆ ಇದು. ಕುಡವನ್ನೂ ಬದಲಾಯಿಸಬಹುದು, ಬಿತ್ತನೆಗೆ ಮೊದಲು ಉದ್ದ ಕುಡದ ದೊಡ್ಡ ಕುಂಟೆ, ಬೀಜ ಮುಚ್ಚಲು ಹಗುರವಾದದ್ದು, ಬೆಳೆ ಎದ್ದ ಮೇಲೆ ಸಾಲುಗಳ ನಡುವೆ ಹಾಯುವ ಚಿಕ್ಕ ಎಡೆಕುಂಟೆ. ಒಂದು ಜೊತೆ ಎತ್ತಿನ ಹಿಂದೆ ಎರಡು ಮೂರು ಎಡೆಕುಂಟೆಗಳನ್ನು ಕಟ್ಟಿ ಒಂದೊಂದಕ್ಕೆ ಒಬ್ಬೊಬ್ಬರು ಮೇಳಿ ಹಿಡಿಯುವ ರೂಢಿ ಇತ್ತು. ಊರಿನ ಬಡಿಗನೂ ಕಮ್ಮಾರನೂ ಕೂಡಿ ಮಾಡಿಕೊಡಬಲ್ಲ, ಆಯದ ಕಾಳಿನಲ್ಲಿ ಸಲ್ಲಿಕೆಯಾಗುವ ಸಾಧನ ಇದಾಗಿತ್ತೆಂಬುದನ್ನು ಮರೆಯಬಾರದು.

ಆದರೆ ಕುಂಟೆಯನ್ನು ಅತಿಯಾಗಿ ಹೊಗಳುವುದೂ ತಪ್ಪೇ. ಮಸಾರಿಯಲ್ಲಿ ಅದು ಬಹಳ ಉಪಯೋಗಕ್ಕೆ ಬಾರದು. ಒಣಗಿದಾಗ ಕಲ್ಲಾಗುವ ಆ ನೆಲಕ್ಕೆ ನೇಗಿಲೇ ಬೇಕು. ಎರೆಯಲ್ಲಿಯೂ ಕರಿಕೆ, ಜೇಕುಗಳು ಒಮ್ಮೆ ಬೇರು ಬಿಟ್ಟರೆ ಕುಂಟೆಯ ಕುಡವು ಮೇಲಿನ ಗಡ್ಡೆಯನ್ನಷ್ಟೇ ಕೊಯ್ಯುತ್ತದೆ, ಕೆಳಗಿನ ಬೇರು ಮತ್ತೆ ಚಿಗುರುತ್ತದೆ. ಕೆಲವು ವರ್ಷಗಳಲ್ಲಿ ಹೊಲವೇ ಬೀಳುಬೀಳುವ ಸ್ಥಿತಿಗೆ ಬರುತ್ತದೆ. ಆಗ ಬೇಸಿಗೆಯಲ್ಲಿ ಭಾರವಾದ ದೊಡ್ಡ ನೇಗಿಲಿಗೆ ನಾಲ್ಕಾರು ಜೊತೆ ಎತ್ತು ಕಟ್ಟಿ, ಹೆಂಟೆಗಳನ್ನು ಎಬ್ಬಿಸಿ, ಬೇರುಗಳನ್ನು ಬಿಸಿಲಿಗೆ ಒಡ್ಡಬೇಕು. ಹಲವು ವರ್ಷಗಳಿಗೊಮ್ಮೆ ಬರುವ ಈ ಆಳದ ಉಳುಮೆಯೇ ಎಡೆದೊರೆಯ ಒಕ್ಕಲುತನದ ನಿಜವಾದ ತೊಡಕು. ತೊಡಕು ಸಾಧನದ್ದಲ್ಲ, ಎಳೆಯುವ ಬಲದ್ದು.

ರಾಯಚೂರು ಕೋಟೆಯ ಗೋಡೆಯಲ್ಲಿ ಕಾಕತೀಯರ ಕಾಲದ, ೧೨೯೪ನೆಯ ವರ್ಷದ ಶಾಸನವನ್ನು ಹೊತ್ತ ನಾಲ್ವತ್ತು ಅಡಿಗೂ ಮಿಕ್ಕ ಉದ್ದದ ಒಂದು ಬಂಡೆಯಿದೆ. ಆ ಬಂಡೆಯನ್ನು ಗಾಡಿಯ ಮೇಲೇರಿಸಿ ಕೋಣಗಳ ಉದ್ದನೆಯ ಸಾಲಿನಿಂದ ಎಳೆಸಿ ತಂದ ಬಗೆಯನ್ನು ಅಲ್ಲಿಯೇ ಗೀರುಚಿತ್ರವಾಗಿ ಕೆತ್ತಿದ್ದಾರೆ. ಕೋಟೆಯ ಚರಿತ್ರೆಯನ್ನು ಬರೆದವರು ಇದನ್ನು ಶಿಲ್ಪಕೌಶಲದ ಕುತೂಹಲವೆಂದು ನೋಡಿ ಬಿಡುತ್ತಾರೆ. ನಮಗೆ ಅದರಲ್ಲಿ ಬೇರೊಂದು ಸಂಗತಿ ಕಾಣುತ್ತದೆ: ದನಗಳ ಜೊತೆಯ ಮೇಲೆ ಜೊತೆ ಕಟ್ಟಿ ಒಟ್ಟಿಗೆ ಎಳೆಸುವ ವಿದ್ಯೆ ಈ ಊರಿಗೆ ಹೊಸದಲ್ಲ. ಪ್ರಭುತ್ವಕ್ಕೆ ಅದು ಸುಲಭಸಾಧ್ಯ. ಒಂದೇ ಜೊತೆ ಎತ್ತಿನ ರೈತನು ಅಷ್ಟು ಎತ್ತುಗಳನ್ನು ಕೂಡಿಸಬೇಕಾದರೆ ಮುಯ್ಯಿಯ ಮೊರೆಹೋಗಬೇಕು, ಇಲ್ಲವೆ ಬಾಡಿಗೆ ತೆರಬೇಕು. ಮುಯ್ಯಿ ನಡೆಯುವುದು ಎಲ್ಲರ ಹಟ್ಟಿಯಲ್ಲಿಯೂ ಎತ್ತು ಇದ್ದಾಗ ಮಾತ್ರ. ೧೮೭೬ರಿಂದ ೭೮ರ ವರೆಗಿನ ಮಹಾಕ್ಷಾಮದಲ್ಲಿ ದಕ್ಷಿಣಾಪಥದ ದನಕರುಗಳು ಮೇವಿಲ್ಲದೆ ಅಪಾರವಾಗಿ ನಾಶವಾದುವೆಂಬುದು ತಿಳಿದ ವಿಷಯ. ಶತಮಾನದ ಕೊನೆಯ ಬರಗಳಲ್ಲಿ ಮತ್ತೆ ಅದೇ ಗತಿ. ಬರದ ಮರುವರ್ಷ ಎತ್ತಿಲ್ಲದ ರೈತನ ಹೊಲದಲ್ಲಿ ಕರಿಕೆ ಹಬ್ಬುವುದು ಬರದಷ್ಟೇ ಸಹಜ. ಇದೇ ಕಾಲದಲ್ಲಿ, ೧೮೮೦ರ ಆಸುಪಾಸಿನಲ್ಲಿ, ಕೃಷ್ಣೆಯ ಮೇಲ್ದಂಡೆಯ ಸಾಂಗಲಿ ಮೊದಲಾದ ಸಂಸ್ಥಾನಗಳ ಪ್ರಭುಗಳು ಎರೆಭೂಮಿಯ ಭಾರದ ಕೆಲಸಕ್ಕೆಂದೇ ಕೃಷ್ಣಾ ಕಣಿವೆ ತಳಿಯ ಬೃಹತ್ಕಾಯದ ಎತ್ತುಗಳನ್ನು ಬೆಳೆಸಿದರೆಂಬುದು ಗಮನಾರ್ಹ. ಸಾಧನವನ್ನು ಹಗುರಮಾಡುವ ಬದಲು ಎತ್ತನ್ನೇ ಬಲಪಡಿಸುವ ಈ ಯೋಚನೆ ಶ್ರೀಮಂತರ ಹಟ್ಟಿಗೆ ಸರಿಹೋಯಿತು. ಬಡವನಿಗೆ ಆ ಎತ್ತನ್ನು ಸಾಕುವುದೇ ಒಂದು ಒಕ್ಕಲುತನ.

ಹೊರಗಿನಿಂದ ಬಂದ ನೋಟಕರಲ್ಲಿ ಕೆಲವರು ಈ ಸಾಧನಗಳ ಬೆಲೆಯನ್ನು ಅರಿತಿದ್ದರು. ೧೮೦೦-೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ೧೮೦೭ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ನೇಗಿಲಿನೊಂದಿಗೆ ಕೂರಿಗೆ ಕುಂಟೆಗಳನ್ನೂ ವರ್ಣಿಸಿದ್ದಾನೆ. ಅವನು ಎಡೆದೊರೆಗೆ ಬಂದವನಲ್ಲ, ಆದರೆ ಸಾಧನ ಒಂದೇ ಕುಲದ್ದು. ೧೮೮೯ರಲ್ಲಿ ಬಂದು ೧೮೯೩ರಲ್ಲಿ ವರದಿಯನ್ನು ಪ್ರಕಟಿಸಿದ ರಸಾಯನಶಾಸ್ತ್ರಜ್ಞ ವೋಲ್ಕರ್, ಈ ದೇಶದ ರೈತನ ಉಪಕರಣಗಳು ಅವನ ಎತ್ತಿಗೂ ನೆಲಕ್ಕೂ ಹಣದ ಚೀಲಕ್ಕೂ ತಕ್ಕವಾಗಿವೆಯೆಂದೂ ವಿಲಾಯತಿಯ ಭಾರದ ನೇಗಿಲುಗಳನ್ನು ತಂದು ಹೇರುವುದರಲ್ಲಿ ಅಷ್ಟೇನೂ ಲಾಭವಿಲ್ಲವೆಂದೂ ಅಭಿಪ್ರಾಯಪಟ್ಟನು. ಅವನ ಮಾತಿಗೆ ಇಲಾಖೆಗಳು ಕೊಟ್ಟ ಮನ್ನಣೆ ಬಾಯಿಮಾತಿನದಾಗಿತ್ತು.

ಕಬ್ಬಿಣದ ನೇಗಿಲು ಈ ಕಡೆಗೆ ಬಂದದ್ದು ನಮ್ಮ ನೆರೆಯ ಬೆಳಗಾವಿಯಿಂದ. ಅಲ್ಲಿ ೧೮೮೮ರಲ್ಲಿ ಸೈಕಲ್ ಅಂಗಡಿ ತೆರೆದ ಲಕ್ಷ್ಮಣರಾವ್ ಕಿರ್ಲೋಸ್ಕರರು ೧೯೦೩ರ ಸುಮಾರಿಗೆ ಕಬ್ಬಿಣದ ನೇಗಿಲನ್ನು ತಯಾರಿಸಿದರು. ಕಬ್ಬಿಣವು ಭೂಮಿಗೆ ವಿಷವೆಂದು ಹೆದರಿದ ರೈತರು ಬಹುಕಾಲ ಅದನ್ನು ಮುಟ್ಟಲಿಲ್ಲವೆಂಬ ಕಥೆ ಪ್ರಸಿದ್ಧವಾಗಿದೆ. ೧೯೧೦ರಲ್ಲಿ ಕಾರ್ಖಾನೆಯು ಔಂಧ ಸಂಸ್ಥಾನದ ಕುಂಡಲ ರೋಡಿಗೆ ಹೋಗಿ ಕಿರ್ಲೋಸ್ಕರವಾಡಿಯಾಯಿತು. ರೈತರ ಹೆದರಿಕೆಯ ಕಥೆಯನ್ನು ಮೂಢನಂಬಿಕೆಯ ನಿದರ್ಶನವೆಂದು ಪಠ್ಯಪುಸ್ತಕಗಳು ಹೇಳುತ್ತ ಬಂದಿವೆ. ನಮಗೆ ಪೂರ್ತಿ ಒಪ್ಪಿಗೆಯಿಲ್ಲ. ಕುಡವೂ ಗುಳವೂ ಕಬ್ಬಿಣದವೇ ಆಗಿರಲಾಗಿ ಲೋಹದ ಭಯವೊಂದೇ ಕಾರಣವಾಗಿದ್ದೀತೆ? ಒಳಗಿನ ಹಸಿಮಣ್ಣನ್ನು ಮೇಲಕ್ಕೆ ಮಗುಚಿದರೆ ತೇವ ಆರುತ್ತದೆ, ಹೆಂಟೆ ಒಡೆಯಲು ಮತ್ತೆ ದುಡಿಯಬೇಕು, ಒಂದು ಜೊತೆ ಎತ್ತು ಸಾಲದು ಎಂಬ ವ್ಯಾವಹಾರಿಕ ಸಂಶಯಗಳೂ ಆ ಭಯದ ಮಾತಿನೊಳಗೆ ಅಡಗಿದ್ದಿರಬೇಕು. ಕಬ್ಬಿಣದ ನೇಗಿಲಿನ ಈಸಿನ ತುದಿಗೆ ತೂತುಗಳ ಪಟ್ಟಿಯೂ ಆಳವನ್ನು ತಡೆಯುವ ಚಕ್ರವೂ ಇದ್ದುವು. ಮಿಣಿ ಸರಿಸಿ ಮಾಡುತ್ತಿದ್ದ ಹೊಂದಾಣಿಕೆಯನ್ನು ಅವು ನಿಖರಮಾಡಿದುವು. ಆದರೆ ಎಳೆತದ ಭಾರವನ್ನು ಕಡಿಮೆಮಾಡಲಿಲ್ಲ. ಅದು ಕರಿಕೆಯ ಹೊಲಕ್ಕೆ ವರವಾಯಿತು, ಹತ್ತಿಯ ಹೊಲದ ದೊಡ್ಡ ಹಿಡುವಳಿದಾರರ ಕೈಗೆ ಸೇರಿತು. ಉಳಿದ ಹೊಲಗಳಲ್ಲಿ ಕುಂಟೆಯೇ ಉಳಿಯಿತು.

ಮಗುಚದೆ ಸಡಿಲಿಸುವ ಯೋಚನೆ ಎಡೆದೊರೆಯ ಏಕಸ್ವಾಮ್ಯವೇನೂ ಅಲ್ಲ. ಸ್ಕಾಟ್ಲೆಂಡಿನ ಡೀನ್‌ಸ್ಟನ್ನಿನ ಜೇಮ್ಸ್ ಸ್ಮಿತ್ ಎಂಬಾತನು ೧೮೨೦ರ ದಶಕದಲ್ಲಿ, ಮೇಲಣ ಮಣ್ಣನ್ನು ಕೆಳಗಿನದರೊಂದಿಗೆ ಬೆರೆಸದೆ ಒಳಪದರವನ್ನು ಮಾತ್ರ ಒಡೆಯುವ ನೇಗಿಲನ್ನು ರೂಪಿಸಿ ೧೮೩೧ರಲ್ಲಿ ಅದರ ಬಗ್ಗೆ ಬರೆದನು. ಅವನ ಚಿಂತೆ ನಮ್ಮದಕ್ಕೆ ತದ್ವಿರುದ್ಧ: ಹೆಚ್ಚಾದ ನೀರನ್ನು ಬಸಿದುಬಿಡುವುದು. ನಮ್ಮದಕ್ಕೆ ಹೆಚ್ಚು ಹತ್ತಿರದ ಉದಾಹರಣೆ ದೊರೆಯುವುದು ಕೆನಡಾದ ಆಲ್ಬರ್ಟಾ ಬಯಲಿನಲ್ಲಿ. ಮಗುಚುವ ನೇಗಿಲಿನಿಂದ ಪ್ರತಿವರ್ಷ ಬೆತ್ತಲೆಯಾದ ಹುಲ್ಲುಗಾವಲಿನ ಮಣ್ಣು ೧೯೩೦ರ ದಶಕದಲ್ಲಿ ಗಾಳಿಗೆ ಹಾರಿಹೋಗತೊಡಗಿದಾಗ, ಅಲ್ಲಿನ ಚಾರ್ಲ್ಸ್ ನೋಬಲ್ ಎಂಬ ರೈತನು ೧೯೩೬ರ ಸುಮಾರಿಗೆ ನೆಲದಡಿಯಲ್ಲಿ ಅಡ್ಡವಾಗಿ ಹಾಯ್ದು ಬೇರು ಕೊಯ್ದು ಕೂಳೆಯನ್ನು ಮೇಲೆಯೇ ಬಿಡುವ ಉದ್ದ ಅಲಗೊಂದನ್ನು ತಯಾರಿಸಿದನು. ಎಳೆಯುವುದು ಟ್ರ್ಯಾಕ್ಟರು, ಅಲಗು ಉಕ್ಕಿನದು, ಅಗಲ ಹಲವು ಪಾಲು ಹೆಚ್ಚು. ತತ್ತ್ವ ಮಾತ್ರ ಕುಂಟೆಯದೇ. ಅವನು ಕುಂಟೆಯನ್ನು ಕಂಡಿದ್ದನೆಂದು ಹೇಳಲು ಆಧಾರವಿಲ್ಲ. ಒಣಭೂಮಿ ಎರಡು ಕಡೆಯೂ ಒಂದೇ ಉತ್ತರವನ್ನು ಹೇಳಿಸಿತೆಂದಷ್ಟೇ ಹೇಳಬಹುದು.

ಅದೇ ವರ್ಷಗಳಲ್ಲಿ ರಾಯಚೂರಿನಲ್ಲಿ ಏನು ನಡೆಯುತ್ತಿತ್ತು? ೧೯೨೮ರಲ್ಲಿ ವರದಿಯೊಪ್ಪಿಸಿದ ರಾಯಲ್ ಕೃಷಿ ಆಯೋಗದ ಬಳಿಕ ಸ್ಥಾಪಿತವಾದ ಇಂಪೀರಿಯಲ್ ಕೃಷಿ ಸಂಶೋಧನ ಮಂಡಲಿಯು ೧೯೩೩ರಿಂದೀಚೆಗೆ ಒಣಬೇಸಾಯದ ಸಂಶೋಧನೆಗೆ ಐದು ಕೇಂದ್ರಗಳನ್ನು ಆರಿಸಿತು: ಸೊಲ್ಲಾಪುರ, ಬಿಜಾಪುರ, ಬಳ್ಳಾರಿಯ ಬಳಿಯ ಹಗರಿ, ಪಂಜಾಬಿನ ರೋಹ್ಟಕ್ ಮತ್ತು ನಿಜಾಮರ ಸೀಮೆಯ ರಾಯಚೂರು. ಐದರಲ್ಲಿ ಮೂರು ಕನ್ನಡ ನಾಡಿನವು. ಕಾನಿಟ್ಕರ್ ಮೊದಲಾದವರ ದುಡಿಮೆಯಿಂದ ರೂಪುಗೊಂಡ ಮುಂಬಯಿ ಒಣಬೇಸಾಯ ಪದ್ಧತಿಯು ಬದು ಹಾಕುವುದು, ಮೂರು ವರ್ಷಕ್ಕೊಮ್ಮೆ ಆಳದ ಉಳುಮೆ, ಮಳೆಗಾಲದಲ್ಲಿ ಮತ್ತೆಮತ್ತೆ ಕುಂಟೆ ಹೊಡೆಯುವುದು, ಬೀಜದ ಪ್ರಮಾಣವನ್ನು ತಗ್ಗಿಸಿ ಸಾಲುಗಳ ಅಂತರವನ್ನು ಹೆಚ್ಚಿಸುವುದು, ಎಡೆ ಹೊಡೆಯುವುದು ಎಂಬ ಕ್ರಮಗಳನ್ನು ವಿಧಿಸಿತು. ಇವುಗಳಲ್ಲಿ ಕುಂಟೆ, ಎಡೆಗಳ ಕೆಲಸ ರೈತನಿಗೆ ತಾತನ ಕಾಲದಿಂದ ಗೊತ್ತಿದ್ದುದೇ. ಹೊಸದಾಗಿ ಕೇಳಿದ್ದು ಬದುವಿನ ಖರ್ಚನ್ನೂ ಆಳದ ಉಳುಮೆಯ ಎತ್ತುಗಳನ್ನೂ. ಈ ಪದ್ಧತಿಯು ವ್ಯಾಪಕವಾಗಿ ಹರಡಲಿಲ್ಲ. ಎಕರೆಯ ಫಸಲೇ ಅಲ್ಪವಾಗಿದ್ದಲ್ಲಿ ಶೇಕಡಾ ಹದಿನೈದು ಇಪ್ಪತ್ತರ ಹೆಚ್ಚಳವು ರೈತನನ್ನು ಆಕರ್ಷಿಸಲಿಲ್ಲವೆಂದು ನಂತರದ ಪರಾಮರ್ಶಕರು ಹೇಳಿದ್ದಾರೆ. ಆ ಹೆಚ್ಚಳಕ್ಕಾಗಿ ತೆರಬೇಕಾದ ಎತ್ತಿನ ಬಾಡಿಗೆಯನ್ನು ರೈತನು ಪರಾಮರ್ಶಕರಿಗಿಂತ ಮೊದಲೇ ಲೆಕ್ಕಹಾಕಿದ್ದನು.

ಇಲ್ಲಿ ಗಣತಿಯ ವಿಷಯವನ್ನು ಎತ್ತಲೇಬೇಕು. ೧೯೧೯-೨೦ರಲ್ಲಿ ಪ್ರಾರಂಭವಾದ ಜಾನುವಾರು ಗಣತಿಯು ದನಗಳೊಡನೆ ನೇಗಿಲು, ಗಾಡಿಗಳನ್ನೂ ಎಣಿಸಿತು. ಸ್ವಾತಂತ್ರ್ಯಾನಂತರ ೧೯೫೧ರ ಮತ್ತು ೧೯೫೬ರ ಗಣತಿಗಳು ಮರದ ನೇಗಿಲು, ಕಬ್ಬಿಣದ ನೇಗಿಲು ಎಂದು ಬೇರ್ಪಡಿಸಿ, ಗಾಡಿ, ಕಬ್ಬಿನ ಗಾಣ, ಎಣ್ಣೆಗಾಣ, ಎಂಜಿನ್, ಪಂಪು, ಟ್ರ್ಯಾಕ್ಟರುಗಳನ್ನು ಸೇರಿಸಿದುವು. ಕುಂಟೆಗೂ ಕೂರಿಗೆಗೂ ಆ ಪಟ್ಟಿಗಳಲ್ಲಿ ಅಂಕಣವಿರಲಿಲ್ಲ. ಪರಿಣಾಮವಾಗಿ, ೧೯೫೬ರ ನವೆಂಬರಿನಲ್ಲಿ ಹೈದರಾಬಾದಿನಿಂದ ಮೈಸೂರು ರಾಜ್ಯಕ್ಕೆ ಬಂದು ಸೇರಿದ ರಾಯಚೂರಿನಂಥ ಜಿಲ್ಲೆಯ ಒಕ್ಕಲುತನವನ್ನು ಕಾಗದದ ಮೇಲೆ ಹಳೆಯ ಮೈಸೂರಿನ ಗದ್ದೆಯ ಜಿಲ್ಲೆಗಳೊಡನೆ ಹೋಲಿಸಿದವರಿಗೆ ಅದರ ಮುಖ್ಯ ಸಾಧನವೇ ಕಣ್ಣಿಗೆ ಬೀಳುವಂತಿರಲಿಲ್ಲ. ನೇಗಿಲಿನ ಸಂಖ್ಯೆಯಿಂದ ಈ ಸೀಮೆಯ ಸಾಗುವಳಿಯ ಮಟ್ಟವನ್ನು ಅಳೆಯುವ ವಿದ್ಯಾರ್ಥಿಗಳು ಈ ಒಂದು ಅಂಶವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಸೂಚಿಸುತ್ತೇವೆ. ಅಂಕಿ ಸುಳ್ಳಲ್ಲ; ಪ್ರಶ್ನೆ ಬೇರೆ ನಾಡಿನದು.

ಇಲ್ಲಿಂದ ಮುಂದೆ ಮಾನ್ವಿ ಮತ್ತು ದೇವದುರ್ಗಗಳ ದಾರಿ ಬೇರೆಯಾಗುತ್ತದೆ. ೧೯೪೫ರಲ್ಲಿ ಕೈಗೊಂಡ ತುಂಗಭದ್ರಾ ಯೋಜನೆಯ ಕಾಲುವೆಗಳಿಗೆ ೧೯೫೩ರಲ್ಲಿ ನೀರು ಬಿಟ್ಟರು; ಎಡದಂಡೆಯ ಕಾಲುವೆಯು ಸಿಂಧನೂರನ್ನು ಹಾಯ್ದು ಕ್ರಮೇಣ ಮಾನ್ವಿ, ರಾಯಚೂರುಗಳನ್ನು ಮುಟ್ಟಿತು. ಯೋಜಕರ ಉದ್ದೇಶ ಬರದ ನಾಡಿನ ಹೆಚ್ಚು ಭೂಮಿಗೆ ಅಷ್ಟಷ್ಟೇ ನೀರು ಹಂಚಿ ಜೋಳ ಹತ್ತಿಗಳನ್ನು ಉಳಿಸುವುದಾಗಿತ್ತು. ನಡೆದದ್ದು ಬೇರೆ. ಕರಾವಳಿ ಆಂಧ್ರದಿಂದ ಬಂದು ಭೂಮಿ ಕೊಂಡು ಕ್ಯಾಂಪುಗಳನ್ನು ಕಟ್ಟಿಕೊಂಡ ರೈತರು ಭತ್ತದ ವಿದ್ಯೆಯನ್ನು ತಂದರು. ನೀರು ಸಿಕ್ಕಲ್ಲೆಲ್ಲ ಭತ್ತ ಹಬ್ಬಿತು. ಎರೆಯನ್ನು ಕೆಸರುಮಾಡಿ ತುಳಿದಾಗ ಅದರ ಕೆಳಗೆ ಒಂದು ಗಟ್ಟಿಪದರ ಕಟ್ಟುತ್ತದೆ. ಭತ್ತಕ್ಕೆ ಅದು ಬೇಕಾದುದೇ, ನೀರನ್ನು ತಡೆದು ನಿಲ್ಲಿಸುತ್ತದೆ. ಆದರೆ ಕಾಲುವೆಯ ಕೊನೆಯ ಭಾಗವಾದ ಮಾನ್ವಿ, ರಾಯಚೂರಿನ ಹೊಲಗಳಿಗೆ ನೀರು ಸಾಲದೆ ರೈತನು ಹತ್ತಿಗೋ ಜೋಳಕ್ಕೋ ಹಿಂದಿರುಗಿದಾಗ, ಅದೇ ಪದರವು ಬೇರಿಗೆ ಗೋಡೆಯಾಗುತ್ತದೆ. ಟ್ರ್ಯಾಕ್ಟರಿನ ಚಕ್ರಗಳ ಭಾರ ಇದಕ್ಕೆ ಕೂಡಿತು. ಬಸಿಗಾಲುವೆಗಳ ಕೊರತೆಯಿಂದ ಜೌಗೂ ಚೌಳೂ ಬಂದುವು. ಚೌಳು ನೆಲದ ಚಿಕಿತ್ಸೆಗೆ ಗಂಗಾವತಿಯ ಸಂಶೋಧನಾಕೇಂದ್ರವು ದುಡಿದಿದೆ.

ತಾನೇ ಉತ್ತುಕೊಳ್ಳುತ್ತಿದ್ದ ಎರೆಯಲ್ಲಿ ಒಳಪದರವನ್ನು ಒಡೆಯುವ ಸಾಧನ ಬೇಕಾಗಿ ಬಂದುದು ಹೀಗೆ. ಸ್ಮಿತ್ತನ ನೇಗಿಲಿನ ವಂಶದ ಸಬ್‌ಸಾಯಿಲರ್ ಈ ಸೀಮೆಗೆ ಈಗ ವಿಲಾಯತಿಯ ಕೌತುಕವಾಗಿ ಉಳಿದಿಲ್ಲ. ಟ್ರ್ಯಾಕ್ಟರಿನ ಹಿಂದೆ ಕೂಡಿಸುವ, ಒಂದೆರಡು ಗಟ್ಟಿ ಉಕ್ಕಿನ ಕಾಲುಗಳ ಈ ಸಾಧನವು ಒಂದೂವರೆ ಎರಡು ಅಡಿಯ ಆಳಕ್ಕೆ ಹಾಯುತ್ತದೆ. ಕಾಲನ್ನು ಮೇಲೆ ಕೆಳಗೆ ಸರಿಸಿ ಬೋಲ್ಟು ಬಿಗಿಯಲು ತೂತುಗಳ ಸಾಲೊಂದಿರುತ್ತದೆ. ನೆಲ ಒಣಗಿದ್ದಾಗ ಮಾತ್ರ ಪದರ ಬಿರಿದು ಒಡೆಯುತ್ತದೆ. ಹಸಿಯಾಗಿದ್ದಾಗ ಹಾಯಿಸಿದರೆ ಬೆಣ್ಣೆಯಲ್ಲಿ ಚಾಕು ಎಳೆದಂತೆ ಸೀಳು ಬಿದ್ದು ಮತ್ತೆ ಮುಚ್ಚಿಕೊಳ್ಳುತ್ತದೆ. ಮುಂದಿನ ವರ್ಷ ಭತ್ತವೋ ಹತ್ತಿಯೋ ಎಂಬುದನ್ನು ನಿಶ್ಚಯಿಸದೆ ಪದರವನ್ನು ಒಡೆಯುವಂತಿಲ್ಲ. ಆ ನಿಶ್ಚಯ ಕಾಲುವೆಯ ನೀರಿನ ಕೈಯಲ್ಲಿದೆ. ಸಣ್ಣ ಹಿಡುವಳಿದಾರನು ಇದನ್ನು ಗಂಟೆಯ ಬಾಡಿಗೆಗೆ ತರಿಸುತ್ತಾನೆ. ನಾಲ್ಕಾರು ಜೊತೆ ಎತ್ತಿಗಾಗಿ ಅವನ ತಾತನು ಬೇರೆಯವರ ಹಟ್ಟಿಯ ಕಡೆಗೆ ನೋಡುತ್ತಿದ್ದಂತೆಯೇ ಇವನು ಬೇರೆಯವರ ಟ್ರ್ಯಾಕ್ಟರಿನ ಕಡೆಗೆ ನೋಡಬೇಕಾ­ಗಿದೆ.

ದೇವದುರ್ಗಕ್ಕೆ ನೀರು ಬಂದದ್ದು ಬಹಳ ತಡವಾಗಿ, ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಬಲದಂಡೆಯ ಕಾಲುವೆಯಿಂದ. ಅದೂ ತಾಲ್ಲೂಕಿನ ಎಲ್ಲ ಭಾಗಕ್ಕಲ್ಲ. ಕಾಲುವೆ ಮುಟ್ಟದ ಎರೆಯ ಹೊಲಗಳಲ್ಲಿ ಕುಂಟೆಯ ಕೆಲಸ ನಿಂತಿಲ್ಲ, ರೂಪ ಮಾತ್ರ ಬದಲಾಗಿದೆ. ಊರಿನ ಬಡಿಗ ಕಮ್ಮಾರರ ಸ್ಥಾನಕ್ಕೆ ವೆಲ್ಡಿಂಗ್ ಅಂಗಡಿ ಬಂದಿದೆ. ಮರದ ದಿಂಡಿನ ಜಾಗದಲ್ಲಿ ಕಬ್ಬಿಣದ ಚೌಕಕೊಳವೆ, ಅದಕ್ಕೆ ಬೇಕಾದ ಅಂತರದಲ್ಲಿ ಬಿಗಿಯುವ ತಾಳುಗಳು, ಕೆಳಗೆ ಉದ್ದನೆಯ ಕುಡ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯಲ್ಲಿ ಟ್ರ್ಯಾಕ್ಟರಿಗೆ ಹೊಂದುವ ಕೂರಿಗೆಯೇ ಮೊದಲಾದ ಸಾಧನಗಳನ್ನು ರೂಪಿಸಿ ೨೦೨೨ರಲ್ಲಿ ಪದ್ಮಶ್ರೀ ಪಡೆದ ಅಬ್ದುಲ್ ಖಾದರ್ ನಡಕಟ್ಟಿನರಂಥ ರೈತರ ಹೆಸರು ಹೊರಗೆ ತಿಳಿದಿದೆ. ರಾಯಚೂರಿನ ಸುತ್ತಿನ ಅಂಗಡಿಗಳಲ್ಲಿ ಅದೇ ಕೆಲಸವನ್ನು ಹೆಸರಿಲ್ಲದೆ ಮಾಡುವವರು ಅನೇಕರು. ೨೦೦೮-೦೯ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದಿಂದ ಬೇರೆಯಾಗಿ ರಾಯಚೂರಿನಲ್ಲಿಯೇ ಕೃಷಿ ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿರುವುದರಿಂದ, ಈ ಅಂಗಡಿಗಳ ಕುಂಟೆಗಳನ್ನು ಊರೂರು ಸುತ್ತಿ ಅಳೆದು, ಚಿತ್ರ ಬರೆದು, ಭಾಗಗಳ ಹೆಸರುಗಳನ್ನು ಬರೆದಿಡುವ ಕೆಲಸಕ್ಕೆ ದೂರ ಹೋಗಬೇಕಾಗಿಲ್ಲ. ಮರದ ಹಳೆಯ ಕುಂಟೆಗಳು ಇನ್ನೂ ಕೆಲವು ಹಟ್ಟಿಗಳ ಸೂರಿನಡಿಯಲ್ಲಿ ಒರಗಿವೆ. ಒಲೆಗೆ ಹೋಗುವುದಕ್ಕೆ ಮುಂಚೆ ಅವುಗಳ ಅಳತೆಯನ್ನೂ ತೆಗೆದುಕೊಳ್ಳಬೇಕು.